ಕೂತಿಲ್ಲ ಮೇಡಂ, ನಿಂತಿದೆ

ಕಾರಿನ ಚಕ್ರ ಕೊಳ್ಳಲು ಹೋದವರು ವಿನ್ಯಾಸ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಎಷ್ಟು ಇಂಚು ಎಂದು ಕೇಳುತ್ತಾರೆ. ಬೋಲ್ಟಿನ ತಲೆಯ ಕೆಳಗಿನ ಅಂಚು ದುಂಡಗಿದೆಯೋ ಓರೆಯಾಗಿದೆಯೋ ಎಂದು ಕೇಳುವವರು ತೀರಾ ಕಡಿಮೆ. ಈ ವಾರ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಆ ಮಾತನ್ನು ಎತ್ತಿದವರು ಗಿರಾಕಿಯಲ್ಲ, ಮಾಲೀಕನೂ ಅಲ್ಲ, ಹೊರಗೆ ಫುಟ್‌ಪಾತಿನ ಪಕ್ಕ ಜ್ಯಾಕ್ ಹಾಕುತ್ತಿದ್ದ ಹಿರಿಯ ಫಿಟ್ಟರ್. ಹೆಚ್ಚುಕಡಿಮೆ ಕುದುರಿದ್ದ ವ್ಯಾಪಾರ, ಮಾಲೀಕ ಎರಡು ಮಾರು ದೂರದಲ್ಲೇ ನಿಂತಿದ್ದ. ಅವನಿಗೂ ಕೇಳಿಸುವಂತೆ ಅವರು ಹೇಳಿದರು: "ಕೂತಿಲ್ಲ ಮೇಡಂ, ನಿಂತಿದೆ."

ಗಾಡಿ ನನ್ನದಲ್ಲ, ಅಕ್ಕನ ಮಗನದು. ಅವನು ಹೋದ ತಿಂಗಳು ಕೊಂಡ 2014ರ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರಿನ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, ಗೇರನ್ನು ತಾನೇ ಬದಲಿಸಿಕೊಳ್ಳುವ ಏಳು ಗೇರುಗಳ ಡಿಎಸ್‌ಜಿ. ಫೋಕ್ಸ್‌ವ್ಯಾಗನ್ ಕಂಪನಿ 2022ರಲ್ಲಿ ಭಾರತದಲ್ಲಿ ಪೋಲೋ ಮಾರಾಟವನ್ನು ನಿಲ್ಲಿಸಿದ ಮೇಲೆ ಅದರ ಮೇಲಿನ ಹುಡುಗರ ಮೋಹ ಇನ್ನಷ್ಟು ಹೆಚ್ಚಿದೆ. ಆ ಮೋಹ ನನಗೆ ಅರ್ಥವಾಗುತ್ತದೆ, ಏಕೆಂದರೆ ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಗಟ್ಟಿತನ ಮತ್ತು ಚುರುಕು ಇರುವ ಗಾಡಿ ಆ ಬೆಲೆಗೆ ನಮ್ಮಲ್ಲಿ ಹೆಚ್ಚು ಬರಲಿಲ್ಲ. ಅವನ ಗಾಡಿಗೆ ಕಂಪನಿ ಕೊಟ್ಟಿದ್ದು 15 ಇಂಚಿನ ಅಲಾಯ್, 185/60 ಟೈರು. ಅದರ ಮೇಲೆ ನಿಂತ ಪೋಲೋ, ಅವನ ಕಣ್ಣಿಗೆ, ಒಳಗಿರುವ ಎಂಜಿನ್‌ಗೆ ತಕ್ಕ ನಿಲುವಿನಲ್ಲಿ ಇರಲಿಲ್ಲ. ಅವನಿಗೆ ಆರು ಕಡ್ಡಿಗಳ, ಕಂಚಿನ ಬಣ್ಣದ ಚಕ್ರ ಬೇಕಿತ್ತು.

ಆ ಆರು ಕಡ್ಡಿಗಳ ವಿನ್ಯಾಸಕ್ಕೆ ಒಂದು ಹಿನ್ನೆಲೆಯಿದೆ. ಜಪಾನಿನ ರೇಯ್ಸ್ ಎಂಬ ಕಂಪನಿ 1996ರಲ್ಲಿ ಟಿಇ37 ಎಂಬ ಫೋರ್ಜ್ಡ್, ಅಂದರೆ ಲೋಹವನ್ನು ಭಾರೀ ಒತ್ತಡದಲ್ಲಿ ಅದುಮಿ ಮಾಡಿದ, ಚಕ್ರವನ್ನು ಹೊರತಂದಿತು. 15 ಇಂಚಿನ ಅಳತೆಯಲ್ಲಿ ಅದರ ತೂಕ 3.7 ಕಿಲೋ ಇದ್ದುದರಿಂದಲೇ ಹೆಸರಿನಲ್ಲಿ 37 ಬಂದಿತು. ಚಕ್ರ ಹಗುರವಾದಷ್ಟೂ ಸಸ್ಪೆನ್ಷನ್‌ಗೆ ಅದನ್ನು ಹತೋಟಿಯಲ್ಲಿಡುವುದು ಸುಲಭ, ಹಳ್ಳದಿಂದ ಎದ್ದ ಟೈರು ಬೇಗ ಮತ್ತೆ ನೆಲ ಹಿಡಿಯುತ್ತದೆ, ಬ್ರೇಕು ಮತ್ತು ಎಂಜಿನ್ ಎರಡಕ್ಕೂ ಹೊರೆ ತಗ್ಗುತ್ತದೆ. ಆ ರೂಪ ಹುಟ್ಟಿದ್ದು ಇಂಥ ಲೆಕ್ಕದಿಂದ. ಜೆ.ಸಿ. ರಸ್ತೆಯ ಗೋಡೆಗಳ ಮೇಲೆ ನೇತಾಡುತ್ತಿರುವ ಅದರ ಪ್ರತಿರೂಪಗಳು ಎರಕ ಹೊಯ್ದವು. ನಮಗೆ ತೋರಿಸಿದ 16 ಇಂಚಿನ ಒಂದನ್ನು ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ಇಟ್ಟಾಗ ಮುಳ್ಳು ಒಂಬತ್ತು ಕಿಲೋ ದಾಟಿತು. ಎರಕದ ಚಕ್ರವೆಂದರೆ ಕೀಳಲ್ಲ, ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಕಾರುಗಳ ಅಲಾಯ್ ಎರಕದ್ದೇ. ಆದರೆ ಹಗುರತನಕ್ಕಾಗಿ ಹುಟ್ಟಿದ ರೂಪವನ್ನು ಇಟ್ಟುಕೊಂಡು ಹಗುರತನವನ್ನೇ ಬಿಟ್ಟುಬಿಟ್ಟರೆ ಉಳಿಯುವುದು ಚಿತ್ರ ಮಾತ್ರ ಎಂದು ಹುಡುಗನಿಗೆ ಹೇಳಿದೆ. "ಚಿಕ್ಕಮ್ಮ, ಚಿತ್ರವೂ ಬೇಕಲ್ಲ" ಎಂದ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ದಿನವೂ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಹಿಂದಿರುಗಿ ನೋಡುವ ವಸ್ತು ಚೆಂದವಾಗಿರಬೇಕೆಂಬುದು ನ್ಯಾಯವಾದ ಆಸೆ.

ಅಂಗಡಿಯ ಮಾಲೀಕ ಮೂವತ್ತರ ಒಳಗಿನವನು, ಮಾತಿನಲ್ಲಿ ಚುರುಕು. ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರ ಹೋಗುತ್ತಿದ್ದುದು ಹುಡುಗನಿಗೆ. ಚಕ್ರದ ನಡುರಂಧ್ರ ಎಷ್ಟು ಎಂದು ನಾನು ಕೇಳಿದರೆ, ಅವನು ಹುಡುಗನ ಕಡೆ ತಿರುಗಿ "ಬ್ರೋ, ಅದಕ್ಕೆಲ್ಲ ರಿಂಗ್ ಬರುತ್ತೆ" ಎನ್ನುತ್ತಿದ್ದ. ಗಾಡಿ ಬಿಡುವ ಹೆಂಗಸು ಗಾಡಿಯ ವಿಷಯ ಕೇಳಿದರೆ ಪಕ್ಕದಲ್ಲಿರುವ ಗಂಡಸಿಗೆ ಉತ್ತರ ಕೊಡುವ ಈ ಅಭ್ಯಾಸ ಇನ್ನೂ ಹೋಗಿಲ್ಲ, ಅದು ನನಗೆ ಇಂದಿಗೂ ನೋವು ತರುತ್ತದೆ. ಉತ್ತರವಾದರೂ ಸರಿಯಾಗಿತ್ತೇ ಎಂದರೆ, ಅರ್ಧ ಮಾತ್ರ. ಪೋಲೋದ ಹಬ್ಬಿಗೆ, ಅಂದರೆ ಚಕ್ರ ಬಂದು ಕೂರುವ ನಡುಭಾಗಕ್ಕೆ, 57.1 ಮಿಲಿಮೀಟರ್ ರಂಧ್ರದ ಚಕ್ರ ಬೇಕು, ಆ ಚಕ್ರದ ರಂಧ್ರ 73.1. ಸುತ್ತಲೂ ಎಂಟೆಂಟು ಮಿಲಿಮೀಟರ್ ಖಾಲಿ. ಆ ಖಾಲಿಯನ್ನು ತುಂಬುವ, ಅಳತೆಗೆ ಸರಿಯಾದ ರಿಂಗು ಹಾಕದಿದ್ದರೆ ಚಕ್ರ ನಡುವಿಗೆ ಕೂರಲು ಹಬ್ಬಿನ ಆಸರೆಯೇ ಇರುವುದಿಲ್ಲ, ವೇಗ ಹೆಚ್ಚಿದಂತೆ ಸ್ಟಿಯರಿಂಗ್ ನಡುಗಬಹುದು. ಅವನ ಬಳಿ ಇದ್ದ ರಿಂಗುಗಳ ಡಬ್ಬಿಯಲ್ಲಿ ಆ ಅಳತೆಯದು ಇರಲಿಲ್ಲ. "ನಾಳೆ ತರಿಸ್ತೀನಿ, ಇವತ್ತು ಹಾಗೇ ಹಾಕ್ಕೊಂಡು ಹೋಗಿ" ಎಂದ.

ಅಳತೆಯ ಚರ್ಚೆಯಲ್ಲಿ ಮಾತ್ರ ನಮ್ಮ ಮಾತು ನಡೆಯಿತು. ಮೊದಲು ಅವನು 17 ಇಂಚಿನ ಚಕ್ರಕ್ಕೆ 205/45 ಟೈರು ತೋರಿಸಿದ್ದ. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ಪಕ್ಕದ ಗೋಡೆ ಆ ಅಗಲದ ಶೇಕಡಾ ಎಷ್ಟು ಎಂಬುದು; 185/60ರಲ್ಲಿ ಆ ಗೋಡೆ 111 ಮಿಲಿಮೀಟರ್ ಎತ್ತರವಿರುತ್ತದೆ, 205/45ರಲ್ಲಿ ಅದು 92ಕ್ಕೆ ಇಳಿಯುತ್ತದೆ. ಮಳೆ ಬಂದ ಮಾರನೆಯ ದಿನ ನೀರು ತುಂಬಿದ ಗುಂಡಿಯ ಆಳ ತಿಳಿಯದೆ ಇಳಿಸಿದಾಗ ರಿಮ್ಮನ್ನು ಕಾಯುವುದು ಆ ಗೋಡೆ ಒಂದೇ. ಅದು ಸಾಲದೆ ಹೋದರೆ ರಿಮ್ಮಿನ ತುಟಿ ಬಾಗುತ್ತದೆ, ಇಲ್ಲವೇ ಟೈರಿನ ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಹುಡುಗ ತಿಂಗಳಿಗೊಮ್ಮೆಯಾದರೂ ಅಪ್ಪ ಅಮ್ಮನನ್ನು ಕೂರಿಸಿಕೊಂಡು, ಡಿಕ್ಕಿ ತುಂಬಿಸಿಕೊಂಡು ಹಾಸನಕ್ಕೆ ಹೋಗುವವನು. ಆದ್ದರಿಂದ 16ಕ್ಕೆ ಇಳಿದೆವು. ಅದರಲ್ಲಿಯೂ 195/50 ಹಾಕಿದರೆ ಒಟ್ಟು ವ್ಯಾಸ ಮೂಲದ 603 ಮಿಲಿಮೀಟರಿಗೆ ತೀರಾ ಹತ್ತಿರ ಬರುತ್ತದೆ, ಆದರೆ ಗೋಡೆ 97ರ ಆಸುಪಾಸಿಗೆ ಇಳಿಯುತ್ತದೆ. 195/55ರಲ್ಲಿ ಗೋಡೆ 107 ಉಳಿಯುತ್ತದೆ, ವ್ಯಾಸ ಶೇ. 3ರಷ್ಟು ಹೆಚ್ಚುತ್ತದೆ. ಮುಂದೆ ಬಂದ ಪೋಲೋ ಜಿಟಿಗಳಿಗೆ ಕಂಪನಿಯೇ 195/55 ಆರ್16 ಕೊಟ್ಟಿದ್ದರಿಂದ ಚಕ್ರದ ಗೂಡಿನಲ್ಲಿ ಅದಕ್ಕೆ ಜಾಗ ಸಾಲುತ್ತದೆ ಎಂಬ ಧೈರ್ಯ ನನಗಿತ್ತು. ಭಾರ ಹೊರುವ ಸೂಚ್ಯಂಕವೂ 84ರಿಂದ 87ಕ್ಕೆ ಏರುತ್ತದೆ, ಅಂದರೆ ಟೈರೊಂದಕ್ಕೆ 500 ಕಿಲೋ ಇದ್ದದ್ದು 545 ಆಗುತ್ತದೆ.

ಇಷ್ಟಾದ ಮೇಲೆ ಒಂದು ಚಕ್ರವನ್ನು ಹಾಕಿ ನೋಡೋಣ ಎಂದು ಗಾಡಿಯನ್ನು ಎತ್ತಿಸಿದರು. ಫಿಟ್ಟರ್ ಐದು ಬೋಲ್ಟ್ ಬಿಚ್ಚಿ ಹಳೆಯ ಚಕ್ರವನ್ನು ಗೋಡೆಗೆ ಒರಗಿಸಿದರು, ಹೊಸದನ್ನು ಕೈಗೆತ್ತಿಕೊಂಡರು, ಮತ್ತೆ ಕೆಳಗಿಟ್ಟರು. ನೂರು ಮಿಲಿಮೀಟರ್ ವೃತ್ತದ ಮೇಲೆ ಐದು ರಂಧ್ರ, ಅದು ಸರಿಯಾಗಿಯೇ ಇತ್ತು. ಅವರು ಒಂದು ರಂಧ್ರದೊಳಗೆ ಬೆರಳಿಟ್ಟು ಸುತ್ತಲೂ ಸವರಿದರು. ಬಳಿಕ ಕಾರಿನ ಬೋಲ್ಟನ್ನು ತೆಗೆದುಕೊಂಡು ಅದರ ತಲೆಯ ಕೆಳಗಿನ ಅಂಚಿಗೆ ಕಪ್ಪು ಗ್ರೀಸನ್ನು ತೆಳುವಾಗಿ ಬಳಿದು, ಹಳೆಯ ಚಕ್ರದ ರಂಧ್ರಕ್ಕೆ ಇಳಿಸಿ, ಒತ್ತಿ, ತಿರುಗಿಸಿ ಹೊರತೆಗೆದು ನನಗೆ ತೋರಿಸಿದರು. ಬೋಲ್ಟಿನ ದುಂಡು ಅಂಚಿನ ಮೇಲೆ ಗ್ರೀಸು ಪಟ್ಟಿಯ ಅಗಲಕ್ಕೆ ಒರೆಸಿಹೋಗಿ ಲೋಹ ಹೊಳೆಯುತ್ತಿತ್ತು. ಅದೇ ಬೋಲ್ಟನ್ನು ಬಟ್ಟೆಯಲ್ಲಿ ಒರೆಸಿ, ಮತ್ತೆ ಗ್ರೀಸು ಬಳಿದು, ಹೊಸ ಚಕ್ರದ ರಂಧ್ರಕ್ಕೆ ಇಳಿಸಿ ತಿರುಗಿಸಿದರು. ಹೊರಬಂದಾಗ ಗ್ರೀಸೆಲ್ಲ ಹಾಗೆಯೇ ಇತ್ತು, ಅದರ ನಡುವೆ ಕೂದಲೆಳೆಯಷ್ಟು ತೆಳುವಾದ ಒಂದೇ ಒಂದು ಗೆರೆ. ಹಳೆಯ ಚಕ್ರದ ರಂಧ್ರ ಬಟ್ಟಲಿನ ಹಾಗೆ ದುಂಡಗಿತ್ತು, ಹೊಸದರದ್ದು ಆಲಿಕೆಯ ಹಾಗೆ ಓರೆ. ಆಗ ಅವರು ಆ ಮಾತು ಹೇಳಿದ್ದು: "ಕೂತಿಲ್ಲ ಮೇಡಂ, ನಿಂತಿದೆ."

ಮಾಲೀಕ ಹತ್ತಿರ ಬಂದ. "ಬೋಲ್ಟ್ ಹೋಗುತ್ತೆ, ವೀಲ್ ತಿರುಗುತ್ತೆ, ಇನ್ನೇನ್ ಬೇಕು?" ಎಂದ. ಫಿಟ್ಟರ್ ಉತ್ತರ ಕೊಡಲಿಲ್ಲ. ಬೋಲ್ಟನ್ನು ನನ್ನ ಅಂಗೈಗೆ ಹಾಕಿದರು, ಅಷ್ಟೇ.

ಈ ಎರಡು ಮಾತುಗಳು ವಾರವಿಡೀ ತಲೆಯಲ್ಲಿ ಓಡಾಡುತ್ತಿವೆ, ಏಕೆಂದರೆ ಮಾಲೀಕ ಹೇಳಿದ್ದು ಸುಳ್ಳಲ್ಲ. ಬೋಲ್ಟು ನಿಜಕ್ಕೂ ಒಳಗೆ ಹೋಗುತ್ತದೆ, ಬಿಗಿಯೂ ಆಗುತ್ತದೆ, ಗಾಡಿ ಟೌನ್ ಹಾಲ್ ದಾಟಿ ಮನೆಯವರೆಗೂ ನೆಟ್ಟಗೆ ಬರುತ್ತದೆ. ಚಕ್ರವನ್ನು ಹಿಡಿದಿಡುವುದು ಬೋಲ್ಟಿನ ದಪ್ಪವಲ್ಲ, ಬಿಗಿಯುವಾಗ ಅದು ಸ್ವಲ್ಪ ಹಿಗ್ಗಿ ಚಕ್ರವನ್ನು ಹಬ್ಬಿನ ಮುಖಕ್ಕೆ ಒತ್ತುವ ಒತ್ತಡ. ಆ ಒತ್ತಡದಿಂದ ಎರಡು ಮುಖಗಳ ನಡುವೆ ಹುಟ್ಟುವ ಘರ್ಷಣೆಯೇ ವೇಗ, ಬ್ರೇಕು, ತಿರುವುಗಳ ಭಾರವನ್ನೆಲ್ಲ ತಡೆಯುತ್ತದೆ. ಈ ಗಾಡಿಯ ಬೋಲ್ಟುಗಳನ್ನು 120 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಆ ಬಲವೆಲ್ಲ ಅಗಲವಾದ ಪಟ್ಟಿಯ ಮೇಲೆ ಹರಡುವ ಬದಲು ಕೂದಲೆಳೆಯ ಗೆರೆಯ ಮೇಲೆ ಬಿದ್ದರೆ ಮೆತ್ತಗಿರುವ ಅಲ್ಯೂಮಿನಿಯಂ ಅಲ್ಲಿ ನಜ್ಜುಗುಜ್ಜಾಗುತ್ತದೆ. ಲೋಹ ತಗ್ಗಿದಷ್ಟೂ ಒತ್ತಡ ಸಡಿಲವಾಗುತ್ತದೆ, ಬೋಲ್ಟು ತಾನಾಗಿ ಬಿಚ್ಚಿಕೊಳ್ಳಲು ಶುರುಮಾಡುತ್ತದೆ. ಅದು ಮೊದಲ ದಿನವೇ ತಿಳಿಯುವುದಿಲ್ಲ. ತಿಳಿಯುವ ಜಾಗ ಬಹುಶಃ ಕುಣಿಗಲ್ ದಾಟಿದ ಹೆದ್ದಾರಿ, ಹಿಂದಿನ ಸೀಟಿನಲ್ಲಿ ಅಕ್ಕ ಭಾವ.

ಓರೆ ಅಂಚಿನ ಬೋಲ್ಟು ಕೊಂಡರೆ ಈ ತೊಂದರೆ ಪರಿಹಾರವಾಗುತ್ತದೆ, ಉದ್ದ ಮತ್ತು ತಿರುಪು ಹೊಂದಿದರೆ ಸಾಕು. ಅಂದರೆ ಮಾರುವವನಿಗೆ ಹೆಚ್ಚುವರಿ ವ್ಯಾಪಾರವೇ ಇತ್ತು, ಆದರೂ ಅವನು ಅದನ್ನು ಹೇಳಲಿಲ್ಲ. ಹೇಳಲಿಲ್ಲ ಎನ್ನುವುದಕ್ಕಿಂತ ಅವನಿಗೇ ಗೊತ್ತಿರಲಿಲ್ಲ ಎಂದು ಈಗ ನನಗೆ ಅನಿಸುತ್ತದೆ. ಅವನು ಕೆಟ್ಟವನಲ್ಲ. ಚಕ್ರಗಳನ್ನು ಗೋಡೆಯ ಮೇಲೆ ನೋಡಿ ಬೆಳೆದವನು ಅವನು, ಗಾಡಿಯ ಕೆಳಗೆ ಕೂತು ನೋಡಿದವರು ಫಿಟ್ಟರ್. ಹೊರಗೆ ಕೂತವರ ತಿಳಿವಳಿಕೆ ಒಳಗಿನ ಕೌಂಟರಿಗೆ ತಲುಪುವ ದಾರಿ ಆ ಅಂಗಡಿಯಲ್ಲಿ ಇಲ್ಲ, ಏಕೆಂದರೆ ಗಿರಾಕಿಯೂ ಮಾಲೀಕನೂ ಫಿಟ್ಟರನ್ನು ಕೈಕೆಲಸದವನೆಂದಷ್ಟೇ ಕಾಣುತ್ತಾರೆ. ಗಿರಾಕಿ ದರ ಕೇಳುವುದು ಕೌಂಟರಿನಲ್ಲಿ, ಚಹಾ ತರಿಸುವುದು ಕೌಂಟರಿಗೆ. ಚಕ್ರ ಕಳಚಿಕೊಳ್ಳದಂತೆ ಕಾಯುವ ಕೈಗೆ ಸಿಗುವುದು ಫಿಟ್ಟಿಂಗ್ ಚಾರ್ಜಿನ ಸಣ್ಣ ಪಾಲು.

ಕಾನೂನಿನ ಕಣ್ಣೂ ಅಲ್ಲಿಗೆ ಹೋಗುವುದಿಲ್ಲ. ಕಂಪನಿ ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಬಳಿಕ ಕಿವಿಗೆ ಕೇಳುವ ಸೈಲೆನ್ಸರ್, ಕಣ್ಣು ಕುಕ್ಕುವ ದೀಪ ಇಂಥವು ಸಿಕ್ಕಿಬೀಳುತ್ತವೆ. ಗಾಡಿಯ ಮೈಯಿಂದ ಹೊರಚಾಚಿದ ಟೈರೂ ಕಣ್ಣಿಗೆ ಬೀಳಬಹುದು. ಬೋಲ್ಟಿನ ಕೂರುವಿಕೆ ಯಾವ ತಪಾಸಣೆಗೂ ಕಾಣುವುದಿಲ್ಲ. ಚಕ್ರದ ಹಿಂಬದಿಯಲ್ಲಿ ಜೆಡಬ್ಲ್ಯುಎಲ್, ವಿಐಎ ಎಂಬ ಜಪಾನಿ ಗುರುತುಗಳಿದ್ದರೆ ಜನ ನೆಮ್ಮದಿಪಡುತ್ತಾರೆ. ಜೆಡಬ್ಲ್ಯುಎಲ್ ಎಂಬುದು ತಯಾರಕ ತಾನೇ ಕೊಟ್ಟುಕೊಳ್ಳುವ ಭರವಸೆ, ವಿಐಎ ಎಂದರೆ ಹೊರಗಿನ ಪರೀಕ್ಷೆಯಲ್ಲಿ ಪಾಸಾದದ್ದು. ಎರಡೂ ಅಕ್ಷರಗಳೇ, ಅಚ್ಚಿನಲ್ಲಿ ಯಾರು ಬೇಕಾದರೂ ಕೆತ್ತಿಸಬಹುದು. ನಾವು ನೋಡಿದ ಚಕ್ರದಲ್ಲಿ ಗುರುತುಗಳಿದ್ದವು, ಎಷ್ಟು ಭಾರ ತಾಳುತ್ತದೆ ಎಂಬ ಅಂಕಿ ಮಾತ್ರ ಇರಲಿಲ್ಲ. ಚಕ್ರ ಮಾರುವ ಪ್ರತಿಯೊಬ್ಬನೂ ಬಿಲ್ಲಿನ ಮೇಲೆ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ), ನಡುರಂಧ್ರ, ಭಾರದ ಮಿತಿ ಮತ್ತು ಬೋಲ್ಟಿನ ಅಂಚಿನ ಬಗೆಯನ್ನು ಬರೆದುಕೊಡಬೇಕೆಂದು ನಿಯಮವಾಗಬೇಕು. ಬರೆಯಬೇಕಾದಾಗಲಾದರೂ ಮಾಲೀಕ ಹೊರಗೆ ಬಂದು ಫಿಟ್ಟರನ್ನು ಕೇಳಿಯಾನು.

ಹುಡುಗನ ವಿಷಯ. ಆವತ್ತು ಅವನ ಮುಖ ಬಾಡಿದ್ದು ನಿಜ, ಆದರೆ ಗ್ರೀಸಿನ ಗೆರೆಯನ್ನು ಅವನೂ ಮೊಬೈಲಿನ ಬೆಳಕು ಹಿಡಿದು ಎರಡೆರಡು ಸಲ ನೋಡಿದ. ಮನೆಗೆ ಬರುವ ದಾರಿಯಲ್ಲಿ ಅವನೇ ಹೇಳಿದ, ಕಂಪನಿಯ 16 ಇಂಚಿನ ಚಕ್ರಗಳೇ ಸಿಕ್ಕರೆ ರಿಂಗೂ ಬೇಡ, ಬೋಲ್ಟೂ ಬದಲಿಸಬೇಕಿಲ್ಲ ಎಂದು. ಹಾಗೆ ಹೊಸ ಚಕ್ರ ಹಾಕಿಸಿಕೊಂಡು ಹಳೆಯದನ್ನು ಮಾರುತ್ತಿದ್ದ ಜಿಟಿಯವರೊಬ್ಬರು ಬನಶಂಕರಿಯಲ್ಲಿ ಸಿಕ್ಕರು. ನಾಲ್ಕನ್ನೂ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ, ಒಳತುಟಿಯಲ್ಲಿ ಬಾಗು ಇಲ್ಲ, ಬೆಸುಗೆಯ ಗುರುತಿಲ್ಲ ಎಂದು ಖಚಿತಪಡಿಸಿಕೊಂಡೇ ಹಣ ಕೊಟ್ಟೆವು. ಕಂಚಿನ ಬಣ್ಣವನ್ನು ಪೌಡರ್ ಕೋಟ್ ಮಾಡಿಸೋಣ, ಅಂದರೆ ಬಣ್ಣದ ಪುಡಿ ಎರಚಿ ಕಾಯಿಸಿ ಅಂಟಿಸೋಣ, ಎಂದ. ಬಣ್ಣ ಬೋಲ್ಟು ಕೂರುವ ಬಟ್ಟಲುಗಳ ಒಳಗೂ ಹಬ್ಬಿಗೆ ಅಂಟುವ ಮುಖಕ್ಕೂ ತಾಗದಂತೆ ಮುಚ್ಚಿಸಬೇಕು, ಏಕೆಂದರೆ ದಪ್ಪ ಬಣ್ಣದ ಪದರವೂ ಬಿಗಿಯಡಿಯಲ್ಲಿ ತಗ್ಗುತ್ತದೆ. ಅದನ್ನು ಪೌಡರ್ ಕೋಟ್‌ನವರಿಗೆ ಅವನೇ ಬಿಡಿಸಿ ಹೇಳಿದ.

ಹಾಕಿಸಲು ಮಾತ್ರ ಅದೇ ಅಂಗಡಿಗೆ ಹೋದೆವು. ಚಕ್ರ ಅವನಲ್ಲಿ ಕೊಳ್ಳದಿದ್ದರೂ ಟೈರುಗಳನ್ನು ಅಲ್ಲೇ ಕೊಂಡಿದ್ದರಿಂದ ಮಾಲೀಕನಿಗೆ ಬೇಸರವಾದಂತೆ ಕಾಣಲಿಲ್ಲ. ಫಿಟ್ಟರಿಗೆ ಕೆಲಸದ ಹಣವನ್ನು ನಾನು ನೇರವಾಗಿ ಕೈಯಲ್ಲೇ ಕೊಟ್ಟೆ, ಮಾಲೀಕ ನೋಡುತ್ತಿರುವಾಗಲೇ. ಅವರು ಬಿಗಿಯನ್ನು ಅಳೆಯುವ ಟಾರ್ಕ್ ವ್ರೆಂಚನ್ನು ಹುಡುಗನಿಗೆ ಕೊಟ್ಟು ಕೊನೆಯ ಬಿಗಿಯನ್ನು ಅವನಿಂದಲೇ ಮಾಡಿಸಿ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಹೇಳಿದ್ದಾರೆ. ಈ ಭಾನುವಾರ ಕುಣಿಗಲ್‌ವರೆಗೆ ಹೋಗಿ ಬಂದರೆ ಅಷ್ಟಾಗುತ್ತದೆ. ಸೋಮವಾರ ಅವರು ಬೆಳಿಗ್ಗೆ ಹತ್ತಕ್ಕೆಲ್ಲ ಅಂಗಡಿಯ ಮುಂದೆ ಇರುತ್ತಾರಂತೆ.