‘ಇಂಡಿಯನ್ಸ್’ ಅಂದರೆ ನಾವೇ ಅಂದುಕೊಂಡಿದ್ದೆ

ಅಮೆರಿಕದ ಒಕ್ಲಹೋಮಾದ ಒಂದು ಡೇಕೇರ್‌ನಲ್ಲಿ ಮೂರು ವರ್ಷದ ಮಕ್ಕಳಿಗೆ ಟೀಚರ್ ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಎಡವಟ್ಟು ಮಾಡಿಕೊಂಡೆ.

ಎಣಿಕೆ ಕಲಿಸಬೇಕಿತ್ತು. ಮೈಸೂರಿನಲ್ಲಿ ಯುಕೆಜಿಯಲ್ಲಿ ಕಲಿತ ‘ಟೆನ್ ಲಿಟಲ್ ಇಂಡಿಯನ್ಸ್’ ತಾನಾಗೇ ಬಾಯಿಗೆ ಬಂತು. ಚಿಕ್ಕವಳಿದ್ದಾಗ ಅದು ನಮ್ಮ ಮೇಲೆ ಕಟ್ಟಿದ ಹಾಡು ಅಂತಲೇ ನಂಬಿದ್ದೆ. ಇಂಡಿಯನ್ಸ್ ಅಂದರೆ ಇನ್ಯಾರು, ಅಲ್ವಾ? ಆಗಸ್ಟ್ 15ಕ್ಕೆ ಬಾವುಟ ಹಿಡಿದು ಹಾಡಿದ್ದೂ ಉಂಟು!

ಬೆರಳು ಒಂದೊಂದೇ ಬಿಡಿಸುತ್ತಾ ಹಾಡಿಸುತ್ತಿದ್ದೆ. ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದ ಅಜ್ಜಿಯೊಬ್ಬರು ಅವನ ಜಾಕೆಟ್ ಹಿಡಿದು ಬಾಗಿಲಲ್ಲೇ ನಿಂತರು. ಅವರು ಚೆರೋಕೀ ಜನಾಂಗದವರು, ಅಂದರೆ ಅಮೆರಿಕದ ಮೂಲನಿವಾಸಿಗಳು. ಹಾಡಿನ ‘ಇಂಡಿಯನ್ಸ್’ ನಾವಲ್ಲ, ಈ ಮೂಲನಿವಾಸಿಗಳು. ಹಾಡು ಮುಗಿದ ಮೇಲೆ ಮೆಲ್ಲಗೆ ಕೇಳಿದರು, “ಪೂರ್ತಿ ಹಾಡಿನಲ್ಲಿ ಕೊನೆಗೆ ಎಷ್ಟು ಜನ ಉಳಿಯುತ್ತಾರೆ, ನಿಮಗೆ ಗೊತ್ತಾ?”

ಗೊತ್ತಿರಲಿಲ್ಲ. ನಾನು ಕಲಿತದ್ದು ಬರೀ ಪಲ್ಲವಿ.

ರಾತ್ರಿ ಕೂತು ಹುಡುಕಿದೆ. 1868ರಲ್ಲಿ ಸೆಪ್ಟಿಮಸ್ ವಿನ್ನರ್ ಎಂಬ ಅಮೆರಿಕದ ಹಾಡುಗಾರಿಕೆಯ ಕವಿ ಬರೆದದ್ದು. ‘ಇಂಡಿಯನ್’ ಅನ್ನುವುದನ್ನೇ ಅಣಕಿಸಿ ‘ಇಂಜನ್’ ಅಂತ ಬರೆದಿದ್ದಾನೆ. ಒಬ್ಬ ದೋಣಿಯಿಂದ ಬೀಳುತ್ತಾನೆ, ಒಬ್ಬ ಕುಡಿದು ಕೆಡುತ್ತಾನೆ, ಒಬ್ಬನಿಗೆ ಜೊತೆಯವನೇ ಗುಂಡು ಹೊಡೆಯುತ್ತಾನೆ. ಕೊನೆಗೆ ಒಬ್ಬನೂ ಇಲ್ಲ. ಅದೇ ವರ್ಷ ನವೆಂಬರ್‌ನಲ್ಲಿ, ಇದೇ ಒಕ್ಲಹೋಮಾದ ವಾಶಿಟಾ ನದಿ ದಂಡೆಯಲ್ಲಿ, ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಸೈನ್ಯ ಬೆಳಗಿನ ಜಾವ ಶೆಯೆನ್ ಎಂಬ ಮೂಲನಿವಾಸಿಗಳ ಬಿಡಾರದ ಮೇಲೆ ಬಿದ್ದು ಹಲವರನ್ನು ಕೊಂದಿತ್ತು. ಮರುವರ್ಷ ಇಂಗ್ಲೆಂಡಿನವರು ಅದೇ ಹಾಡಿನಲ್ಲಿ ಇಂಡಿಯನ್ನರನ್ನು ತೆಗೆದು, ಕಪ್ಪು ಜನರನ್ನು ಹೀಯಾಳಿಸುವ ಪದ ಕೂರಿಸಿದರು.

ಮುಖ್ಯ ಟೀಚರ್ ಹತ್ತಿರ ಎಲ್ಲ ಹೇಳಿದೆ. “ರಾಗ ಏನು ಪಾಪ ಮಾಡಿದೆ? ಇಂಡಿಯನ್ಸ್ ಬದಲು ಬೆರಳು ಅಂತ ಹಾಕಿ” ಅಂದರು. ಹಾಡಲು ಹೋದರೆ ಹಳೇ ಪದವೇ ನಾಲಿಗೆ ತುದಿಗೆ ಬರುತ್ತಿತ್ತು. ಬಿಟ್ಟೇ ಬಿಟ್ಟೆ. ಆದರೆ ಇನ್ನೊಬ್ಬ ಟೀಚರ್ ‘ಬಾ ಬಾ ಬ್ಲ್ಯಾಕ್ ಶೀಪ್’ ಕೂಡ ಬೇಡ ಅಂದಾಗ ನಾನೇ ಜಗಳಕ್ಕೆ ನಿಂತೆ. 1744ರ ಸುಮಾರಿಗೆ ಅಚ್ಚಾದ ಹಾಡು, ಇರೋದು ಉಣ್ಣೆ ಲೆಕ್ಕ. ಕುರಿ ಕಪ್ಪಗಿದ್ದರೆ ಸುಮ್ನೆ ಕಪ್ಪಗೇ ಇರಲಿ ಬಿಡಿ.

ಈಗ ಬಾಳೆಲೆ ಹರಡಿ, ಅನ್ನ ಹಾಕಿ, ಸಾರು ಬಡಿಸುತ್ತಾ ಹತ್ತರವರೆಗೆ ಎಣಿಸುವ ನಮ್ಮ ಹಾಡನ್ನೇ ಹೇಳಿಕೊಡುತ್ತೇನೆ. ಮೊನ್ನೆ ಆ ಅಜ್ಜಿ ಮೊಮ್ಮಗನನ್ನು ಕೇಳಿದರು, “ಇವತ್ತು ಏನು ಹಾಡಿದೆ?”

“ಬೇಳೆ ಸಾರು” ಅಂದ. ಅವರು ನನ್ನ ಮುಖ ನೋಡಿದರು. ಅದೇನು ಅಂತ ವಿವರಿಸುವಷ್ಟರಲ್ಲಿ ಹತ್ತು ನಿಮಿಷ ಆಯಿತು.