ಹದಿನಾರು ಚಿಪ್‌ಗಳ ಲೆಕ್ಕ: ಟಿ400 ದುರಸ್ತಿಯ ದಿನಚರಿ, ಮೂರನೆಯ ಕಂತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ನನ್ನ ಹಳೆಯ ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್ ಟಿ400ರ ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಪರದೆಯಲ್ಲಿ 8 ಜಿಬಿ ಮೆಮೊರಿ ಎಂಬುದನ್ನು ಓದಿದಾಗ, ಮೂರು ವಾರಗಳಿಂದ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಈ ಯಂತ್ರವನ್ನು ಇನ್ನಾದರೂ ಮುಚ್ಚಬಹುದೆಂಬ ನೆಮ್ಮದಿಗಿಂತ, ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದಿನ ಕಳೆದೆನಲ್ಲ ಎಂಬ ನಾಚಿಕೆಯೇ ಹೆಚ್ಚಾಗಿತ್ತು. ಫ್ಯಾನಿನ ಧೂಳು ತೆಗೆದದ್ದು, ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿದ್ದು, ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿದ್ದು ಎಲ್ಲವೂ ಒಂದೇ ಭಾನುವಾರದಲ್ಲಿ ಮುಗಿದ ಕೆಲಸಗಳು. ಅವುಗಳ ಬಗ್ಗೆ ನಿಮಗೆ ಹೇಳಬೇಕಾದದ್ದು ಏನೂ ಇಲ್ಲ. ಈ ಕಂತು ಪೂರ್ತಿ ರ‍್ಯಾಮ್‌ನದು.

ಇದು 2008ರ ಯಂತ್ರ: ಕೋರ್ 2 ಡ್ಯುಯೊ ಪಿ8600 ಪ್ರೊಸೆಸರ್, ಜಿಎಂ45 ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್‌ಗಳು), ತಲಾ 1 ಜಿಬಿಯ ಎರಡು ಡಿಡಿಆರ್3 ಮಾದರಿಯ ಮೆಮೊರಿ ಸ್ಟಿಕ್‌ಗಳು. ಎಸ್‌ಎಸ್‌ಡಿ ಹಾಕಿದ ಮೇಲೆ ಪ್ರೊಸೆಸರ್ ಈಗಲೂ ದಿನನಿತ್ಯದ ಕೆಲಸಕ್ಕೆ ಸಾಕು, ಆದರೆ 2 ಜಿಬಿಯಲ್ಲಿ ಬ್ರೌಸರಿನ ನಾಲ್ಕನೆಯ ಟ್ಯಾಬ್ ತೆರೆಯುವುದೇ ಒಂದು ಸಾಹಸ. ಈ ಚಿಪ್‌ಸೆಟ್ 8 ಜಿಬಿಯವರೆಗೆ ಒಪ್ಪುತ್ತದೆಂಬುದು ಗೊತ್ತಿದ್ದುದರಿಂದ, 4 ಜಿಬಿಯ ಎರಡು ಸ್ಟಿಕ್ ತರಿಸಿ ಒತ್ತಿ ಕೂರಿಸಿದರಾಯಿತು ಎಂದುಕೊಂಡೆ.

ಮೊದಲ ಜೋಡಿ ಬಂದ ದಿನ ಪವರ್ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ದೀಪಗಳು ಹೊತ್ತಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿದು ಒಳಗಿನಿಂದ ಬೀಪ್ ಸದ್ದು ಬಂತು. ಒಂದೊಂದನ್ನೇ ಹಾಕಿ ನೋಡಿದೆ, ಸ್ಲಾಟ್ ಬದಲಿಸಿದೆ, ಚಿನ್ನದ ಬಣ್ಣದ ತುದಿಗಳನ್ನು ರಬ್ಬರಿನಿಂದ ಉಜ್ಜಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ, ಹಳೆಯ ಸ್ಟಿಕ್‌ಗಳನ್ನು ಮರಳಿ ಹಾಕಿ ಬಯಾಸ್ ಅಪ್‌ಡೇಟ್ ಕೂಡ ಮಾಡಿದೆ. ಫಲ ಅದೇ ಬೀಪ್. ಸ್ಟಿಕ್‌ಗಳೇ ಕೆಟ್ಟಿವೆಯೆಂದು ತೀರ್ಮಾನಿಸಿ, ಖಾತ್ರಿಗಾಗಿ 2011ರ ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿದರೆ ಅದು ಮರುಮಾತಿಲ್ಲದೆ ಶುರುವಾಯಿತು. ರಾತ್ರಿಯಿಡೀ, ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದರೂ ಒಂದೇ ಒಂದು ದೋಷ ಕಾಣಲಿಲ್ಲ. ಮಾರಿದವರಿಗೆ ಬರೆದಾಗ, "ಡಿಡಿಆರ್3 ಎಂದರೆ ಡಿಡಿಆರ್3, ನಿಮ್ಮ ಲ್ಯಾಪ್‌ಟಾಪೇ ಹಳೆಯದು ಸರ್" ಎಂಬ ಉತ್ತರ ಬಂತು. ಹಳೆಯದು ಎಂಬುದು ನಿಜವೇ. ಹಳೆಯದಲ್ಲದಿದ್ದರೆ ನಾನೇಕೆ ಅದರ ಸಹವಾಸಕ್ಕೆ ಹೋಗುತ್ತಿದ್ದೆ?

ಎರಡನೆಯ ಮಾರಾಟಗಾರರಿಂದ ಇನ್ನೊಂದು ಜೋಡಿ ತರಿಸಿದೆ. ಈ ಸಲ ಎರಡನ್ನೂ ಹಾಕಿದರೆ ಬೀಪ್, ಆದರೆ ಒಂದನ್ನು ತೆಗೆದ ಕೂಡಲೇ ಯಂತ್ರ 4 ಜಿಬಿ ತೋರಿಸುತ್ತ ಎದ್ದು ಕುಳಿತಿತು. ಹಾಗಾದರೆ ಸ್ಲಾಟಿನಲ್ಲೇ ಬಿರುಕಿರಬೇಕೆಂದು ಅರ್ಧ ದಿನ ಭೂತಗನ್ನಡಿ ಹಿಡಿದು ಬೆಸುಗೆಗಳನ್ನು ಪರೀಕ್ಷಿಸಿದೆ. ಸ್ಟಿಕ್‌ಗಳನ್ನು ಅದಲುಬದಲು ಮಾಡಿ ನೋಡುವ ಬುದ್ಧಿ ಸಂಜೆಗೆ ಬಂತು: ತಪ್ಪು ಸ್ಲಾಟಿನದಾಗಿರಲಿಲ್ಲ, ಅದು ಒಂದೇ ಸ್ಟಿಕ್ಕಿನ ಬೆನ್ನು ಹತ್ತಿ ಓಡಾಡುತ್ತಿತ್ತು.

ಆಗ ಎರಡನ್ನೂ ಮೇಜಿನ ದೀಪದ ಕೆಳಗೆ ಪಕ್ಕಪಕ್ಕ ಇಟ್ಟೆ. ಕೆಲಸ ಮಾಡುವ ಸ್ಟಿಕ್ಕಿನ ಮೇಲೆ ಒಂದು ಬದಿಗೆ ಎಂಟರಂತೆ ಹದಿನಾರು ಕಪ್ಪು ಚಿಪ್‌ಗಳು ಒತ್ತೊತ್ತಾಗಿ ಕುಳಿತಿದ್ದವು. ಮೊಂಡು ಹಿಡಿದಿದ್ದ ಸ್ಟಿಕ್ಕಿನಲ್ಲಿ ಬದಿಗೆ ನಾಲ್ಕು, ಒಟ್ಟು ಎಂಟು, ಉಳಿದದ್ದೆಲ್ಲ ಬರಿಯ ಹಸಿರು ಬಯಲು. ಮೊದಲ ಜೋಡಿಯನ್ನು ತೆಗೆದು ನೋಡಿದರೆ ಅವೂ ಎಂಟೆಂಟೇ. ಒಂದೇ 4 ಜಿಬಿಯನ್ನು ಎಂಟು ಚಿಪ್‌ಗಳಲ್ಲಿ ತುಂಬಬೇಕೆಂದರೆ ಒಂದೊಂದೂ 4 ಗಿಗಾಬಿಟ್‌ನದಾಗಿರಬೇಕು (ಎಂಟು ಗಿಗಾಬಿಟ್ ಸೇರಿದರೆ ಒಂದು ಜಿಬಿ). ಹದಿನಾರರಲ್ಲಿ ಹಂಚಿದರೆ 2 ಗಿಗಾಬಿಟ್‌ನದು ಸಾಕು.

ಅನುಮಾನ ಉಳಿಯದಿರಲೆಂದು ಡಿಕೋಡ್-ಡಿಮ್ಸ್ ಎಂಬ ತಂತ್ರಾಂಶ ಓಡಿಸಿ ಸ್ಟಿಕ್‌ಗಳ ಎಸ್‌ಪಿಡಿ ಮಾಹಿತಿಯನ್ನು, ಅಂದರೆ ಸ್ಟಿಕ್ ತನ್ನ ರಚನೆಯ ಬಗ್ಗೆ ತಾನೇ ಇಟ್ಟುಕೊಂಡಿರುವ ದಾಖಲೆಯನ್ನು, ಓದಿದೆ. ಒಳ್ಳೆಯ ಸ್ಟಿಕ್ಕಿನಲ್ಲಿ 8 × 15 × 10 × 64, ರ‍್ಯಾಂಕ್ 2 ಎಂದಿದ್ದರೆ, ಮೊಂಡು ಸ್ಟಿಕ್ಕಿನಲ್ಲಿ 8 × 16 × 10 × 64, ರ‍್ಯಾಂಕ್ 1 ಎಂದಿತ್ತು. ರ‍್ಯಾಂಕ್ ಎಂದರೆ ಒಟ್ಟಾಗಿ ಕೆಲಸ ಮಾಡುವ ಚಿಪ್‌ಗಳ ಗುಂಪು. ಆದರೆ ಎರಡನೆಯ ಅಂಕಿಯೇ, ಅಂದರೆ ಸಾಲುಗಳ ವಿಳಾಸಕ್ಕೆ ಬೇಕಾದ ತಂತಿಗಳ ಸಂಖ್ಯೆಯೇ, ಎಲ್ಲ ತಕರಾರಿನ ಮೂಲ. 2 ಗಿಗಾಬಿಟ್ ಚಿಪ್‌ನ ಸಾಲುಗಳನ್ನು ಗುರುತಿಸಲು ಎ0ದಿಂದ ಎ14ರವರೆಗಿನ ಹದಿನೈದು ವಿಳಾಸ ತಂತಿಗಳು ಸಾಕು, 4 ಗಿಗಾಬಿಟ್ ಚಿಪ್‌ಗೆ ಎ15 ಎಂಬ ಹದಿನಾರನೆಯದೂ ಬೇಕು. ಕೋರ್ 2 ಕಾಲದ ಯಂತ್ರಗಳಲ್ಲಿ ಮೆಮೊರಿ ನಿಯಂತ್ರಕ ಪ್ರೊಸೆಸರಿನೊಳಗಲ್ಲ, ಚಿಪ್‌ಸೆಟ್ಟಿನಲ್ಲಿರುತ್ತದೆ. ಜಿಎಂ45ಕ್ಕೆ 2 ಗಿಗಾಬಿಟ್ ಚಿಪ್‌ಗಳಾಚೆಗಿನ ಲೋಕ ಗೊತ್ತಿಲ್ಲ. ಆದ್ದರಿಂದ ಬಯಾಸ್ ಅಪ್‌ಡೇಟ್ ಮಾಡಿದರೂ, ಸ್ಲಾಟನ್ನು ಎಷ್ಟು ಉಜ್ಜಿದರೂ ಏನೂ ಆಗುವಂತಿರಲಿಲ್ಲ. 2011ರ ಯಂತ್ರದಲ್ಲಿ ನಿಯಂತ್ರಕ ಪ್ರೊಸೆಸರಿನಲ್ಲೇ ಇದ್ದು 4 ಗಿಗಾಬಿಟ್ ಚಿಪ್‌ಗಳನ್ನು ಬಲ್ಲದ್ದರಿಂದ ಅಲ್ಲಿ ಎಲ್ಲವೂ ಸರಿಯಾಗಿತ್ತು.

ನಾಚಿಕೆಯ ಮಾತು ಯಾವುದೆಂದರೆ, ಇದೆಲ್ಲ ಸ್ಟಿಕ್ಕಿನ ಲೇಬಲ್ಲಿನ ಮೇಲೆಯೇ ಅಚ್ಚಾಗಿತ್ತು. ಹದಿನಾರರದಕ್ಕೆ 2ಆರ್×8 (ಎರಡು ರ‍್ಯಾಂಕ್), ಎಂಟರದಕ್ಕೆ 1ಆರ್×8 (ಒಂದು ರ‍್ಯಾಂಕ್). ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ತಾಯಿಯ ಕಥೆಯಾಯಿತು ನನ್ನದು. ಆದರೂ ಮಾರುವವರ ಮೇಲಿನ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ: ಜಾಹೀರಾತಿನ ಚಿತ್ರದಲ್ಲಿ ಹದಿನಾರು ಚಿಪ್‌ಗಳ ಸ್ಟಿಕ್ ತೋರಿಸಿ, ಪೊಟ್ಟಣದಲ್ಲಿ ಒಂದು ಅದು, ಒಂದು ಇದು ಎಂದು ಹಾಕಿ ಕಳಿಸುವವರು ರ‍್ಯಾಮ್ ಮಾರುತ್ತಾರೋ ಲಾಟರಿ ನಡೆಸುತ್ತಾರೋ ತಿಳಿಯದು. ಆ ಒಂದು ತಪ್ಪು ಪೊಟ್ಟಣ ಇಲ್ಲದಿದ್ದರೆ ನನಗೆ ಕಾರಣವೇ ಸಿಗುತ್ತಿರಲಿಲ್ಲ ಎಂಬುದನ್ನು ಮಾತ್ರ ಅವರಿಗೆ ಹೇಳುವುದಿಲ್ಲ. ಮೂರನೆಯ ಮಾರಾಟಗಾರರಿಗೆ, ನನಗೆ ಕಳಿಸಲಿರುವ ಸ್ಟಿಕ್ಕಿನದೇ ಎರಡೂ ಬದಿಯ ಫೋಟೊ ಬೇಕೆಂದು ಹಟ ಹಿಡಿದೆ. ಮದುವೆಗೆ ಹೆಣ್ಣು ನೋಡುವವರೂ ಇಷ್ಟು ಫೋಟೊ ಕೇಳುವುದಿಲ್ಲ ಎಂದು ಗೊಣಗಿದರಾದರೂ ಕಳಿಸಿದರು. ಅದರ ವೇಗದ ದರ್ಜೆ ಪಿಸಿ3-8500, ನನ್ನ ಬಳಿ ಇದ್ದದ್ದು ಅದಕ್ಕಿಂತ ವೇಗದ ಪಿಸಿ3-10600. ಈ ಯಂತ್ರದಲ್ಲಿ ಎರಡೂ 1066ರ ವೇಗದಲ್ಲೇ ಓಡುವುದರಿಂದ ಜೋಡಿಗೆ ಅಡ್ಡಿಯಾಗಲಿಲ್ಲ.

ಇಷ್ಟಾಗುವಾಗ ಕಣ್ಣು ಪರದೆಯ ಮೇಲೆ ಹೋಯಿತು. ನನ್ನ ಪ್ಯಾನೆಲ್ಲಿನ ಹಿಂಬೆಳಕು ಸಿಸಿಎಫ್‌ಎಲ್ ಎಂಬ, ಟ್ಯೂಬ್‌ಲೈಟಿನಂಥ ತೆಳು ಟ್ಯೂಬಿನದು; ವಯಸ್ಸಾದ ಟ್ಯೂಬಾದ್ದರಿಂದ ಆರಂಭದ ಕೆಲವು ನಿಮಿಷ ಪರದೆಯೆಲ್ಲ ನಸುಗೆಂಪಾಗಿರುತ್ತದೆ. ಅದನ್ನು ತೆಗೆದು ಎಲ್‌ಇಡಿ ಪಟ್ಟಿ ಕೂರಿಸುವುದು ಮುಂದಿನ ಯೋಜನೆ. ಟ್ಯೂಬಿನಲ್ಲಿ ಪಾದರಸವಿದೆ, ಅದಕ್ಕೆ ವಿದ್ಯುತ್ ಕೊಡುವ ಇನ್ವರ್ಟರಿನಲ್ಲಿ ನೂರಾರು ವೋಲ್ಟ್‌ಗಳಿವೆ, ಆದರೆ ನನಗೆ ನಿಜವಾದ ಭಯ ಇರುವುದು ಬೆಳಕು ಹರಡುವ ಹಾಳೆಗಳ ನಡುವೆ ನುಸುಳಬಹುದಾದ ಒಂದೇ ಒಂದು ಧೂಳಿನ ಕಣದ್ದು. ಎಂಟು ಚಿಪ್‌ಗಳ ಮೂರು ಸ್ಟಿಕ್‌ಗಳಲ್ಲಿ ಎರಡು ಆಗಲೇ 2011ರ ಯಂತ್ರದಲ್ಲಿ ಕುಳಿತಿವೆ. ಅದನ್ನು ಬ್ಯಾಕಪ್ ಸರ್ವರ್ ಮಾಡುವ ಆಲೋಚನೆಯೂ ಇದೆ.

ಇದನ್ನು ಬರೆಯುವ ಹೊತ್ತಿಗೆ ಟಿ400ರಲ್ಲಿ ಮೆಮ್‌ಟೆಸ್ಟ್ ಮೂರನೆಯ ಸುತ್ತು ನಡೆಸುತ್ತಿದೆ. ದೋಷಗಳ ಜಾಗದಲ್ಲಿ ಇನ್ನೂ ಸೊನ್ನೆಯೇ ಇದೆ. ಸ್ಕ್ರೂಗಳನ್ನು ಮಾತ್ರ ಇನ್ನೂ ಬಿಗಿದಿಲ್ಲ.