ಅಲೀಪುರದವರ ಕುರಾನ್ ಬೇರೆಯೇ?

ನಾನು ಗೌರಿಬಿದನೂರು ತಾಲ್ಲೂಕಿನವನೆಂದು ತಿಳಿದ ಕೂಡಲೇ ಹಲವರು ಕೇಳುವುದು ಇದನ್ನೇ: "ನಿಮ್ಮ ಕಡೆಯ ಅಲೀಪುರದಲ್ಲಿ ಬಹುತೇಕ ಎಲ್ಲರೂ ಶಿಯಾಗಳಂತೆ. ಅವರ ಕುರಾನ್ ಬೇರೆಯೇ, ದೇವರು ಬೇರೆಯೇ?"

ಎರಡೂ ಬೇರೆಯಲ್ಲ. ದೇವರು ಒಬ್ಬನೇ, ಮುಹಮ್ಮದರು ಅವನ ಕೊನೆಯ ಪ್ರವಾದಿ, ಸತ್ತ ಮೇಲೆ ಪ್ರತಿಯೊಬ್ಬರೂ ತಮ್ಮ ಕರ್ಮಕ್ಕೆ ಲೆಕ್ಕ ಒಪ್ಪಿಸಬೇಕು ಎಂಬ ನಂಬಿಕೆಗಳಲ್ಲಿ ಮುಸ್ಲಿಮರ ಎರಡು ಮುಖ್ಯ ಪಂಗಡಗಳಾದ ಶಿಯಾ-ಸುನ್ನಿ ಎಂಬ ಭೇದವಿಲ್ಲ. ನಮಾಜು, ರಂಜಾನ್ ಉಪವಾಸ, ಜಕಾತ್ ಎಂಬ ದಾನ, ಹಜ್ ಯಾತ್ರೆ ಇಬ್ಬರಿಗೂ ಕಡ್ಡಾಯ. ಸುಮಾರು 570ರಲ್ಲಿ ಮೆಕ್ಕಾದ ಕುರೈಷ್ ಕುಲದಲ್ಲಿ ಹುಟ್ಟಿದ ಮುಹಮ್ಮದರು 610ರ ಹೊತ್ತಿಗೆ ಸಾರತೊಡಗಿದ ಏಕದೇವೋಪಾಸನೆಯನ್ನು ಊರಿನ ಪ್ರಮುಖರು ವಿರೋಧಿಸಿದ್ದರಿಂದ 622ರಲ್ಲಿ ಅವರು ಮದೀನಾಕ್ಕೆ ವಲಸೆ ಹೋದರು. ಹಿಜರಿ ಶಕೆ ಆ ವರ್ಷದಿಂದಲೇ ಆರಂಭವಾಗುತ್ತದೆ.

ಒಡಕು ಹುಟ್ಟಿದ್ದು 632ರಲ್ಲಿ ಪ್ರವಾದಿಯವರು ತೀರಿಕೊಂಡ ಮೇಲೆ, ಮುಂದಿನ ನಾಯಕ ಯಾರು ಎಂಬ ಪ್ರಶ್ನೆಯಿಂದ. ಮದೀನಾದಲ್ಲಿ ಸೇರಿದ ಹಿರಿಯರು ಅಬೂಬಕ್ಕರರನ್ನು ಆರಿಸಿದರು. ಗದೀರ್ ಖುಮ್ ಎಂಬಲ್ಲಿ ಪ್ರವಾದಿಯವರು ತಮ್ಮ ಅಳಿಯ ಅಲಿಯವರ ಬಗ್ಗೆ ಆಡಿದ ಮಾತೇ ನೇಮಕವಾಗಿತ್ತು ಎನ್ನುವವರು ಶಿಯಾಗಳು. ಅದು ಗೌರವದ ಮಾತು ಮಾತ್ರ ಎನ್ನುವವರು ಸುನ್ನಿಗಳು. ಅಲಿಯವರು ಮುಂದೆ ನಾಲ್ಕನೆಯ ಖಲೀಫರು, ಅಂದರೆ ಮುಸ್ಲಿಮರ ನಾಯಕರು, ಆದರೂ 661ರಲ್ಲಿ ಕೊಲೆಯಾದರು. 680ರಲ್ಲಿ ಆಗಿನ ಖಲೀಫ ಯಜೀದನ ಆಳ್ವಿಕೆಯನ್ನು ಒಪ್ಪದ ಅವರ ಮಗ ಹುಸೇನರನ್ನು, ಫ್ರಾತ್ (ಯೂಫ್ರೆಟಿಸ್) ನದಿಯ ನೀರಿಗೂ ಅಡ್ಡಿಮಾಡಿ, ಇಂದಿನ ಇರಾಕಿನ ಕರ್ಬಲಾದಲ್ಲಿ ಬೆರಳೆಣಿಕೆಯ ಸಂಗಡಿಗರೊಂದಿಗೆ ಕೊಲ್ಲಲಾಯಿತು. ಉತ್ತರಾಧಿಕಾರದ ಜಗಳವನ್ನು ಶ್ರದ್ಧೆಯ ವಿಷಯವಾಗಿ ಮಾಡಿದ್ದು ಕರ್ಬಲಾ ಎಂಬುದು ನನ್ನ ಅಭಿಪ್ರಾಯ. ಅಲಿಯವರಿಂದ ಆರಂಭವಾಗುವ ಹನ್ನೆರಡು ಇಮಾಮರು ದೋಷರಹಿತ ಮಾರ್ಗದರ್ಶಕರು, ಹನ್ನೆರಡನೆಯವರು ಮರೆಯಾಗಿದ್ದು ಮುಂದೆ ಪ್ರಕಟವಾಗುತ್ತಾರೆ ಎಂಬುದು ಶಿಯಾಗಳಲ್ಲಿ ಬಹುಸಂಖ್ಯಾತರಾದವರ ನಂಬಿಕೆ. ಇಮಾಮರ ಸಾಲಿನ ಬಗ್ಗೆ ಒಪ್ಪದೆ ಬೇರೆಯಾದವರು ಇಸ್ಮಾಯಿಲಿಗಳು; ಬೋಹ್ರಾಗಳು ಆ ಕವಲಿನವರೇ.

ಹೊರಗಿನವರಿಗೆ ಕಾಣುವ ವ್ಯತ್ಯಾಸಗಳು ಸಣ್ಣವು. ಶಿಯಾಗಳು ನಮಾಜಿನಲ್ಲಿ ಕೈ ಕಟ್ಟದೆ ಇಳಿಬಿಟ್ಟು ನಿಲ್ಲುತ್ತಾರೆ, ನೆಲಕ್ಕೆ ಬಾಗಿ ಸಜ್ದಾ ಮಾಡುವಾಗ ಹಣೆಯನ್ನು ಹೆಚ್ಚಾಗಿ ಕರ್ಬಲಾದ ಮಣ್ಣಿನ ಪುಟ್ಟ ಬಿಲ್ಲೆಯ ಮೇಲೆ ಇಡುತ್ತಾರೆ, ಅವರ ಅಜಾನಿನಲ್ಲಿ ಅಲಿಯವರ ಹೆಸರೂ ಕೇಳಿಸುತ್ತದೆ. ಮೊಹರಂ ಅವರಿಗೆ ಶೋಕದ ತಿಂಗಳು. ನಮ್ಮ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬವೆಂದು ಪಂಜಾ ಕೂರಿಸಿ, ಕೊಂಡ ಹಾಯ್ದು, ಹರಕೆ ಒಪ್ಪಿಸುವ ಹಿಂದೂಗಳಲ್ಲಿ ಎಷ್ಟೋ ಜನರಿಗೆ ಅದು ಹುಸೇನರ ಸಾವಿನ ನೆನಪೆಂಬುದೇ ಗೊತ್ತಿರುವುದಿಲ್ಲ.

ಸುನ್ನಿಗಳೆಲ್ಲ ಒಂದೇ ಬಗೆ ಎಂದೂ ತಿಳಿಯಬಾರದು. ಹನಫಿ, ಶಾಫಿ, ಮಾಲಿಕಿ, ಹಂಬಲಿ ಎಂಬ ನಾಲ್ಕು ನ್ಯಾಯಪದ್ಧತಿಗಳಿದ್ದು, ಉರ್ದು ಮಾತಾಡುವ ನಮ್ಮ ಬಯಲುಸೀಮೆಯ ಸುನ್ನಿಗಳು ಹೆಚ್ಚಾಗಿ ಹನಫಿಗಳು, ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಗಳು. ಇವರಲ್ಲಿ ಒಬ್ಬರು ಇನ್ನೊಬ್ಬರ ಪದ್ಧತಿಯನ್ನು ತಪ್ಪೆನ್ನುವುದಿಲ್ಲ. ಬಿಸಿಯಾದ ವಾದ ನಡೆಯುವುದು ದರ್ಗಾಗಳ ವಿಷಯದಲ್ಲಿ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಬರುವುದನ್ನು ಬರೇಲ್ವಿ ಪಂಥದ ಸುನ್ನಿಗಳು ಸೂಫಿ ಸಂತರ ಮೇಲಿನ ಭಕ್ತಿಯೆಂದು ಸಮರ್ಥಿಸುತ್ತಾರೆ. ಸಮಾಧಿಯ ಮುಂದೆ ಬೇಡಿಕೊಳ್ಳುವುದು ದೇವರಿಗೆ ಪಾಲುದಾರರನ್ನು ಸೇರಿಸಿದಂತೆ ಎಂದು ಅಹ್ಲೆ ಹದೀಸ್ ಎಂಬ ಇನ್ನೊಂದು ಪಂಥದವರು ಆಕ್ಷೇಪಿಸುತ್ತಾರೆ. ಇಬ್ಬರೂ ಸುನ್ನಿಗಳೇ ಆದ್ದರಿಂದ, ಈ ಜಗಳಕ್ಕೂ ಅಲೀಪುರಕ್ಕೂ ಸಂಬಂಧವಿಲ್ಲ.